ಹಳೆಯ ಡಿಜಿಟಲ್ ಕ್ಯಾಮೆರಾದಲ್ಲಿ ಪುಸ್ತಕಗಳ ಪ್ರತಿ: ನನ್ನ ಅನುಭವ

ನನ್ನ ಡಿಎಸ್‌ಎಲ್‌ಆರ್ ಕ್ಯಾಮೆರಾದ ಶಟರ್ ಕೆಟ್ಟಾಗ, ಅದರ ರಿಪೇರಿಗೆ ಕೇಳಿದ ಹಣಕ್ಕೆ ಅದೇ ಮಾದರಿಯ ಸೆಕೆಂಡ್ ಹ್ಯಾಂಡ್ ಬಾಡಿಯೇ ಸಿಗುತ್ತಿತ್ತು. ಲೆನ್ಸುಗಳು ಚೆನ್ನಾಗಿದ್ದವು. ಆದರೆ ಆ ಹೊತ್ತಿಗೆ ನಾನು ಅದನ್ನು ಬಹುಮಟ್ಟಿಗೆ ಬಳಸುತ್ತಿದ್ದುದು ಮನೆಯ ಕಪಾಟಿನಲ್ಲಿರುವ ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು ಪ್ರತಿ ಮಾಡಿಕೊಳ್ಳಲು. ಪುಸ್ತಕ ಅಲುಗಾಡುವುದಿಲ್ಲ, ಬೆಳಕು ನಮ್ಮ ಹತೋಟಿಯಲ್ಲಿರುತ್ತದೆ, ದೂರವೂ ಬದಲಾಗುವುದಿಲ್ಲ. ಹಳೆಯ ಕಾಂಪ್ಯಾಕ್ಟ್ ಕ್ಯಾಮೆರಾಗಳ ಮೇಲಿರುವ ದೂರುಗಳು, ಅಂದರೆ ಮಂದ ಬೆಳಕಿನಲ್ಲಿ ಚಿತ್ರ ಕಾಳುಕಾಳಾಗುವುದು, ಫೋಕಸ್ ನಿಧಾನವಾಗುವುದು, ಇಂಥ ಕೆಲಸದಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಹೊಸದನ್ನು ಕೊಳ್ಳುವ ಯೋಚನೆ ಬಿಟ್ಟು, ಮೂಲೆ ಸೇರಿದ್ದ ಕ್ಯಾನನ್ ಪವರ್‌ಶಾಟ್ ಎ590 ಐಎಸ್ ಅನ್ನು ಹೊರತೆಗೆದೆ. ಇದು 2008ರ ಮಾದರಿ. 2009ರಲ್ಲಿ ಅಮೆರಿಕದ ಡೇನಿಯಲ್ ರೀಟ್ಜ್ ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ಪುಸ್ತಕ ಸ್ಕ್ಯಾನರಿನ ವಿವರಗಳನ್ನು ಪ್ರಕಟಿಸಿದಾಗ ಅದಕ್ಕೆ ಬಳಸಿದ್ದೂ ಇಂಥ ಅಗ್ಗದ ಕಾಂಪ್ಯಾಕ್ಟ್ ಕ್ಯಾಮೆರಾಗಳನ್ನೇ.

ಎಂಟು ಮೆಗಾಪಿಕ್ಸೆಲ್ ಸಾಕೇ ಎಂಬ ಅನುಮಾನವನ್ನು ಲೆಕ್ಕ ಹಾಕಿಯೇ ಬಗೆಹರಿಸಿಕೊಂಡೆ. ಚಿತ್ರದ ಉದ್ದ 3264 ಪಿಕ್ಸೆಲ್. ಡೆಮಿ 1/8 ಆಕಾರದ ಪುಟ ಸುಮಾರು ಎಂಟೂವರೆ ಇಂಚು ಎತ್ತರ. ಸುತ್ತ ಅಂಚು ಬಿಟ್ಟು ಒಂಬತ್ತೂವರೆ ಇಂಚನ್ನು ಚೌಕಟ್ಟಿನೊಳಗೆ ತಂದರೂ ಇಂಚಿಗೆ 340ಕ್ಕಿಂತ ಹೆಚ್ಚು ಪಿಕ್ಸೆಲ್ ದೊರೆಯುತ್ತದೆ. ಅಕ್ಷರ ಗುರುತಿಸುವ ತಂತ್ರಾಂಶಗಳಿಗೆ ಸಾಮಾನ್ಯವಾಗಿ 300 ಸಾಕು. ದಿನಪತ್ರಿಕೆಯ ಇಡೀ ಪುಟಕ್ಕೆ ಈ ಕ್ಯಾಮೆರಾ ಸಾಲದು.

ಬ್ಯಾಟರಿಗಳನ್ನು ಒಳಗೇ ಬಿಟ್ಟಿದ್ದ ಕ್ಯಾಮೆರಾದಲ್ಲಿ ಮೊದಲು ನೋಡಬೇಕಾದ್ದು ಸ್ಪ್ರಿಂಗುಗಳನ್ನು. ನನ್ನದರಲ್ಲಿ ಬಿಳಿ ಪುಡಿ ಕಟ್ಟಿತ್ತು. ಹತ್ತಿ ಸುತ್ತಿದ ಕಡ್ಡಿಯನ್ನು ವಿನೆಗರಿನಲ್ಲಿ ಅದ್ದಿ ಉಜ್ಜಿದಾಗ ಅದು ಕರಗಿತು, ಬಳಿಕ ಸ್ಪಿರಿಟ್‌ನಿಂದ ಒರೆಸಿ ಒಣಗಿಸಿದೆ. ಲೆನ್ಸಿಗೆ ಓರೆಯಾಗಿ ಟಾರ್ಚ್ ಬಿಟ್ಟು ಬೂಷ್ಟು ಹಿಡಿದಿದೆಯೇ ಎಂದೂ ನೋಡಬೇಕು. ಮಲೆನಾಡು ಮತ್ತು ಕರಾವಳಿಯ ಮಳೆಗಾಲ ಕಂಡ ಲೆನ್ಸುಗಳಲ್ಲಿ ಜೇಡರ ಬಲೆಯಂಥ ಎಳೆಗಳು ಅಪರೂಪವಲ್ಲ.

ಈ ಕ್ಯಾಮೆರಾ ಎರಡು ಎಎ ಸೆಲ್‌ಗಳಿಂದ ನಡೆಯುವುದು ದೊಡ್ಡ ಅನುಕೂಲ, ಏಕೆಂದರೆ ಅದಕ್ಕೇ ವಿಶೇಷವಾದ ಬ್ಯಾಟರಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ರೀಚಾರ್ಜ್ ಮಾಡುವ ಎರಡು ಜೋಡಿ ನಿಕಲ್ ಸೆಲ್‌ಗಳಿದ್ದರೆ ಒಂದನ್ನು ಚಾರ್ಜಿಗೆ ಹಾಕಿ ಇನ್ನೊಂದರಲ್ಲಿ ಕೆಲಸ ಮುಂದುವರಿಸಬಹುದು.

ಕ್ಯಾಮೆರಾಕ್ಕೆ ನಿಜವಾಗಿ ಮರುಜೀವ ಕೊಟ್ಟದ್ದು ಸಿಎಚ್‌ಡಿಕೆ ಎಂಬ ಮುಕ್ತ ತಂತ್ರಾಂಶ. ಅದು ಮೆಮೊರಿ ಕಾರ್ಡಿನಿಂದಲೇ ನಡೆಯುತ್ತದೆ, ಕ್ಯಾಮೆರಾದೊಳಗೆ ಕಂಪನಿಯೇ ತುಂಬಿದ ಮೂಲ ತಂತ್ರಾಂಶವಾದ ಫರ್ಮ್‌ವೇರನ್ನು ಬದಲಿಸುವುದಿಲ್ಲ. ಕಾರ್ಡ್ ತೆಗೆದರೆ ಕ್ಯಾಮೆರಾ ಹಿಂದಿನಂತೆಯೇ. ಮಾದರಿಯ ಜೊತೆಗೆ ಫರ್ಮ್‌ವೇರ್ ಆವೃತ್ತಿಗೂ ಹೊಂದುವ ಪ್ರತಿಯನ್ನೇ ಹಾಕಬೇಕು. ಕಾರ್ಡಿನ ಬದಿಯ ಪುಟ್ಟ ಲಾಕ್ ಗುಂಡಿಯನ್ನು ಮುಚ್ಚಿದ ಕಡೆಗೆ ಸರಿಸಿಟ್ಟರೆ ಕ್ಯಾಮೆರಾ ಆನ್ ಆದೊಡನೆ ತಂತ್ರಾಂಶವೂ ಏಳುತ್ತದೆ, ಚಿತ್ರಗಳೂ ಉಳಿಯುತ್ತವೆ. ನಾನು 2 ಜಿಬಿ ಕಾರ್ಡನ್ನೇ ಬಳಸಿದೆ. ಇದರಲ್ಲಿರುವ ಯುಎಸ್‌ಬಿ ರಿಮೋಟ್ ಸೌಲಭ್ಯ ನನಗೆ ಎಲ್ಲಕ್ಕಿಂತ ಉಪಯುಕ್ತವೆನಿಸಿತು: ಯುಎಸ್‌ಬಿ ಕಿಂಡಿಗೆ 5 ವೋಲ್ಟ್ ತಾಗಿದರೆ ಕ್ಯಾಮೆರಾ ಕ್ಲಿಕ್ಕಿಸುತ್ತದೆ. ಹಳೆಯ ಫೋನ್ ಚಾರ್ಜರಿನ ತಂತಿಯ ನಡುವೆ ಕಾಲಿಂಗ್ ಬೆಲ್ಲಿನ ಸ್ವಿಚ್ಚನ್ನು ಕೂರಿಸಿ, ಅದನ್ನು ಹಲಗೆಗೆ ಬಿಗಿದು ಮೇಜಿನ ಕೆಳಗಿಟ್ಟೆ. ಈಗ ಕಾಲಿನಿಂದ ಒತ್ತುತ್ತೇನೆ, ಪುಟ ಮಗುಚಲು ಎರಡೂ ಕೈ ಖಾಲಿ.

ಕ್ಯಾಮೆರಾವನ್ನು ಕೆಳಮುಖವಾಗಿ ನಿಲ್ಲಿಸಲು ಪ್ಲೈವುಡ್ ಹಲಗೆಗೆ ಕಬ್ಬಿಣದ ಎಲ್ ಪಟ್ಟಿ ಸಾಕಾಯಿತು. ಟ್ರೈಪಾಡ್ ರಂಧ್ರಕ್ಕೆ ಕಾಲು ಇಂಚಿನ ಬೋಲ್ಟ್ ಕೂರುತ್ತದೆ. ಜೂಮನ್ನು ಪೂರ್ತಿ ಅಗಲದಲ್ಲಿ ಇಡದೆ ಒಂದಿಷ್ಟು ಮುಂದಕ್ಕೆ ಎಳೆಯುವುದು ಒಳ್ಳೆಯದು, ಇಲ್ಲದಿದ್ದರೆ ಅಂಚಿನ ಸಾಲುಗಳು ಬಿಲ್ಲಿನಂತೆ ಬಾಗುತ್ತವೆ. ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 80, ಫ್ಲ್ಯಾಶ್ ಬಂದ್, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಸ್ಥಿರ. ಒಂದೇ ಬಗೆಯ ಎರಡು ಎಲ್ಇಡಿ ದೀಪಗಳನ್ನು ಎಡಬಲದಲ್ಲಿ 45 ಡಿಗ್ರಿ ಓರೆಯಾಗಿಟ್ಟರೆ, ಪುಟದ ಮೇಲೆ ಒತ್ತುವ ಗಾಜಿನಲ್ಲಿ ಅವು ಪ್ರತಿಫಲಿಸುವುದಿಲ್ಲ. ಅಚ್ಚುಮೊಳೆಯ ಕಾಲದ ತೆಳು ಕಾಗದದಲ್ಲಿ ಹಿಂಬದಿಯ ಅಕ್ಷರಗಳು ಇಣುಕುತ್ತವೆ. ಪುಟದ ಹಿಂದೆ ಕಪ್ಪು ಕಾಗದ ಇಟ್ಟರೆ ಅವು ಮಸುಕಾಗುತ್ತವೆ. ಕ್ಯಾಮೆರಾ ಒಂದೇ ಇರುವುದರಿಂದ ಮೊದಲು ಬಲಪುಟಗಳನ್ನೆಲ್ಲ ತೆಗೆದು, ಪುಸ್ತಕವನ್ನು ತಿರುಗಿಸಿ ಎಡಪುಟಗಳನ್ನು ತೆಗೆಯುತ್ತೇನೆ, ಆಮೇಲೆ ಕಂಪ್ಯೂಟರಿನಲ್ಲಿ ಹೆಸರು ಬದಲಿಸಿ ಹೆಣೆಯುತ್ತೇನೆ.

ಮನೆಯಲ್ಲಿದ್ದ ಇನ್ನೊಂದು ಸತ್ತ ಕ್ಯಾಮೆರಾವನ್ನು ಬಿಚ್ಚಿ ಇನ್‌ಫ್ರಾರೆಡ್ ಛಾಯಾಗ್ರಹಣಕ್ಕೆ ಒಗ್ಗಿಸುವ ಆಸೆಯಿತ್ತು, ಕೈಬಿಟ್ಟೆ. ಫ್ಲ್ಯಾಶಿನ ಕೆಪಾಸಿಟರಿನಲ್ಲಿ ಬ್ಯಾಟರಿ ತೆಗೆದ ಮೇಲೂ ಸುಮಾರು 300 ವೋಲ್ಟ್ ಉಳಿದಿರಬಹುದು. ಅದನ್ನು ರೆಸಿಸ್ಟರ್ ಮೂಲಕ ಬರಿದು ಮಾಡಿ ಮಲ್ಟಿಮೀಟರಿನಲ್ಲಿ ಅಳೆಯದೆ ಒಳಗೆ ಬೆರಳಿಡಬಾರದು.

ತೆಗೆದ ಚಿತ್ರಗಳನ್ನು ಪುಟ ತಿದ್ದುವ ತಂತ್ರಾಂಶವಾದ ಸ್ಕ್ಯಾನ್ ಟೇಲರ್‌ನಲ್ಲಿ ನೇರ ಮಾಡಿ, ಅಂಚು ಕತ್ತರಿಸಿ, ಅಕ್ಷರ ಗುರುತಿಸುವ ತಂತ್ರಾಂಶವಾದ ಟೆಸರಾಕ್ಟ್‌ಗೆ ಕೊಡುತ್ತೇನೆ. ಅದರಲ್ಲಿ ಕನ್ನಡವೂ ಇದೆ. ತಿದ್ದುವಾಗ ಅರ್ಕಾವೊತ್ತು ಒಂಬತ್ತರ ಅಂಕಿಯಾಗಿರುವುದನ್ನೂ ಅನುಸ್ವಾರ ಸೊನ್ನೆಯ ಅಂಕಿಯಾಗಿರುವುದನ್ನೂ ಮೊದಲು ಹುಡುಕುತ್ತೇನೆ. ಇವು ಕ್ಯಾಮೆರಾದ ತಪ್ಪುಗಳಲ್ಲ, ಎಷ್ಟು ಮೆಗಾಪಿಕ್ಸೆಲ್ ಸುರಿದರೂ ಆ ಆಕಾರಗಳು ಹೆಚ್ಚುಕಡಿಮೆ ಒಂದೇ. ಒತ್ತಕ್ಷರದ ಕಾಲು ಕತ್ತರಿಸಿಹೋಗಿದ್ದರೆ ಮಾತ್ರ ದೀಪ ಮತ್ತು ಫೋಕಸನ್ನು ನೋಡಿ ಆ ಪುಟವನ್ನು ಮತ್ತೆ ತೆಗೆಯುತ್ತೇನೆ.