ಹಬ್ಬದೂಟಕ್ಕೆ ಹಳೆಯ ಕಾಲದ ಅಡುಗೆಯೊಂದನ್ನು ಸೇರಿಸುವ ಬಗೆ

ಮನೆಮಂದಿಯೆಲ್ಲ ಸೇರುವ ಹಬ್ಬದೂಟದಲ್ಲಿ ಅಜ್ಜಿಯ ಕಾಲದ ಅಡುಗೆಯನ್ನು ಬಡಿಸಬೇಕೆಂದುಕೊಂಡವರು ಒಂದು ಊಟಕ್ಕೆ ಅಂಥ ಒಂದೇ ಪದಾರ್ಥವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಎಲ್ಲವನ್ನೂ ಹಳೆಯ ಕ್ರಮದಲ್ಲಿ ಮಾಡಲು ಹೊರಟರೆ ಅಡುಗೆಯವರು ಬಡಿಸುವ ಹೊತ್ತಿಗೆ ದಣಿದಿರುತ್ತಾರೆ. ರೂಢಿಯ ಊಟವನ್ನು ನಿರೀಕ್ಷಿಸಿ ಕುಳಿತ ಮಕ್ಕಳು ತಟ್ಟೆಯನ್ನು ಆಚೆ ಸರಿಸುತ್ತಾರೆ. ಆ ಅಡುಗೆಯ ರುಚಿಯನ್ನು ಬಲ್ಲವರು ಪಂಕ್ತಿಯಲ್ಲಿ ಒಬ್ಬರಾದರೂ ಇರಬೇಕು, ಏಕೆಂದರೆ ಅದು ಸರಿಯಾಗಿದೆಯೇ ಎಂದು ಹೇಳಬಲ್ಲವರು ಅವರೇ.

ಹೆಚ್ಚು ತಾಳ್ಮೆ ಬೇಕಾಗುವುದು ವಿಧಾನವನ್ನು ಬರೆದುಕೊಳ್ಳುವಾಗ. ಹಿರಿಯರನ್ನು ಕೇಳಿದರೆ ‘ಒಂದು ಹಿಡಿ’, ‘ಕಣ್ಣಳತೆಗೆ’, ‘ಹದ ಬರುವವರೆಗೆ’ ಎಂಬ ಉತ್ತರಗಳೇ ಸಿಗುತ್ತವೆ, ಮತ್ತು ಅವರ ಮಟ್ಟಿಗೆ ಅವು ನಿಖರವಾದ ಉತ್ತರಗಳೇ. ಆದ್ದರಿಂದ ಕೇಳುವುದನ್ನು ಬಿಟ್ಟು, ಅವರಿಂದಲೇ ಒಮ್ಮೆ ಮಾಡಿಸಿ, ಪಕ್ಕದಲ್ಲಿ ಅಡುಗೆಮನೆಯ ತಕ್ಕಡಿ ಇಟ್ಟುಕೊಂಡು ನೋಡಬೇಕು. ಅವರ ಕೈ ತಡೆದು ಅಳೆಯಬಾರದು. ಡಬ್ಬಿಗಳನ್ನು ಮೊದಲೇ ತೂಗಿ, ಅಡುಗೆ ಮುಗಿದ ಮೇಲೆ ಮತ್ತೆ ತೂಗಿದರೆ ಸಾಕು. ಉಪ್ಪಿನ ಡಬ್ಬಿ ಮೊದಲು 640 ಗ್ರಾಂ ಇದ್ದು ಕೊನೆಗೆ 618 ಗ್ರಾಂ ಆಗಿದ್ದರೆ, ಅವರ ‘ರುಚಿಗೆ ತಕ್ಕಷ್ಟು’ ಎಂದರೆ 22 ಗ್ರಾಂ. ಅವರು ಅಳತೆಗೆ ಬಳಸುವ ಲೋಟವನ್ನು ನೀರು ತುಂಬಿಸಿ ತೂಗಬಹುದು: ಒಂದು ಗ್ರಾಂ ನೀರಿಗೆ ಒಂದು ಮಿಲಿಲೀಟರ್ ಎಂಬ ಲೆಕ್ಕದಲ್ಲಿ ಅದರ ಅಳತೆ ಸಿಗುತ್ತದೆ. ಹದವನ್ನು ಮಾತ್ರ ತಕ್ಕಡಿ ಹೇಳಲಾರದು. ಒಗ್ಗರಣೆಯ ಸದ್ದು ಯಾವಾಗ ಇಳಿಯಿತು, ಮಿಶ್ರಣ ಯಾವಾಗ ಪಾತ್ರೆಯ ಅಂಚು ಬಿಟ್ಟಿತು, ಹಸಿವಾಸನೆ ಯಾವಾಗ ಹೋಯಿತು ಎಂಬುದನ್ನು ಗಡಿಯಾರ ನೋಡಿ ಗುರುತು ಮಾಡಿಕೊಳ್ಳಬೇಕು. ಮುಖ ಬಿಟ್ಟು ಕೈಗಳನ್ನಷ್ಟೇ ಮೊಬೈಲಿನಲ್ಲಿ ಚಿತ್ರೀಕರಿಸಿದರೆ ಅವರಿಗೂ ಸಂಕೋಚವಾಗುವುದಿಲ್ಲ.

ನಾಲ್ಕು ಜನರ ಅಳತೆಯನ್ನು ಹದಿನಾರು ಜನರಿಗೆ ಹೆಚ್ಚಿಸುವಾಗ ಎಲ್ಲವನ್ನೂ ಕಣ್ಣುಮುಚ್ಚಿ ನಾಲ್ಕು ಪಟ್ಟು ಮಾಡುವಂತಿಲ್ಲ. ಪಾತ್ರೆ ಆಳವಾದಂತೆ, ಒಳಗಿರುವ ಪ್ರಮಾಣಕ್ಕೆ ಹೋಲಿಸಿದರೆ ಆವಿ ಹೋಗುವ ಮೇಲ್ಮೈ ಕಡಿಮೆಯಾಗುತ್ತದೆ. ಹಾಗಾಗಿ ನೀರನ್ನು ಅದೇ ಲೆಕ್ಕದಲ್ಲಿ ಹಾಕಿದರೆ ಅಡುಗೆ ತೆಳ್ಳಗಾಗಿ, ಗಟ್ಟಿಯಾಗಲು ವಿಪರೀತ ಹೊತ್ತು ಹಿಡಿಯುತ್ತದೆ. ನೀರನ್ನೂ ಉಪ್ಪು ಖಾರಗಳನ್ನೂ ಲೆಕ್ಕದ ಮುಕ್ಕಾಲು ಭಾಗದಿಂದ ಆರಂಭಿಸಿ, ಕೊನೆಯಲ್ಲಿ ಸರಿಪಡಿಸುವುದು ಸುರಕ್ಷಿತ. ಸೌದೆ ಒಲೆಯ ಕಾಲದ ಅಡುಗೆಯಾದರೆ ದಪ್ಪ ತಳದ ಪಾತ್ರೆ, ಸಣ್ಣ ಉರಿ ಇರಲಿ. ಮೊದಲ ಸಲವೇ ಅದನ್ನು ಆಧುನಿಕಗೊಳಿಸುವ ಉತ್ಸಾಹ ಬೇಡವೆಂಬುದು ನನ್ನ ಅಭಿಪ್ರಾಯ. ಮೂಲ ರುಚಿ ಕೈಗೆ ಬಂದ ಮೇಲೆ ಎಣ್ಣೆ, ಸಕ್ಕರೆ ಕಡಿಮೆ ಮಾಡಬಹುದು. ಆದರೆ ಹಳೆಯ ಅಡುಗೆಗಳಲ್ಲಿ ಉಪ್ಪು, ಹುಳಿ, ಸಕ್ಕರೆ ಹೆಚ್ಚಿರುವುದಕ್ಕೆ ಕೆಡದಂತೆ ಕಾಪಾಡುವುದೂ ಒಂದು ಕಾರಣ. ಅಂದೇ ತಿಂದು ಮುಗಿಸುವ ಪದಾರ್ಥದಲ್ಲಿ ಅವನ್ನು ತಗ್ಗಿಸಿದರೆ ತೊಂದರೆಯಿಲ್ಲ, ತಿಂಗಳುಗಟ್ಟಲೆ ಇಡುವ ಉಪ್ಪಿನಕಾಯಿಯಲ್ಲಿ ಹಾಗೆ ಮಾಡಬಾರದು.

ಹಬ್ಬಕ್ಕೆ ವಾರವಿರುವಾಗ ಒಮ್ಮೆ ಸ್ವಲ್ಪವೇ ಮಾಡಿ ಹಿರಿಯರಿಗೆ ರುಚಿ ತೋರಿಸಬೇಕು. ನೆನೆಸುವುದು, ರುಬ್ಬುವುದು, ಹುರಿದು ಪುಡಿ ಮಾಡುವುದು ಹಿಂದಿನ ದಿನವೇ ಮುಗಿದಿರಲಿ. ಹುದುಗು ಬರಬೇಕಾದ ಹಿಟ್ಟಿಗೆ ಚಳಿಯಲ್ಲಿ ಹೆಚ್ಚು ಗಂಟೆ ಬೇಕೆಂಬುದನ್ನು ಮರೆಯಬಾರದು. ಗಂಟೆಗಟ್ಟಲೆ ಕೈಯಾಡಿಸಬೇಕಾದ ಪದಾರ್ಥವಾದರೆ ಅದಕ್ಕೆ ಒಂದು ಒಲೆಯನ್ನೂ ಒಬ್ಬ ವ್ಯಕ್ತಿಯನ್ನೂ ಬೇರೆಯಾಗಿಯೇ ಮೀಸಲಿಡಬೇಕಾಗುತ್ತದೆ, ಮತ್ತು ಆ ವ್ಯಕ್ತಿಗೆ ಬೇರೆ ಕೆಲಸ ಹೇಳಬಾರದು.

ಹಿಂದಿನವರು ಬೆಳಿಗ್ಗೆ ಮಾಡಿದ್ದನ್ನು ರಾತ್ರಿಯವರೆಗೆ ಹೊರಗೇ ಇಡುತ್ತಿದ್ದರೆಂಬ ಕಾರಣಕ್ಕೆ ಆ ಕ್ರಮವನ್ನೂ ಅನುಸರಿಸಬೇಕಾಗಿಲ್ಲ. ಬೇಯಿಸಿದ ಆಹಾರವನ್ನು ಕೋಣೆಯ ಉಷ್ಣತೆಯಲ್ಲಿ 2 ಗಂಟೆಗಿಂತ ಹೆಚ್ಚು ಕಾಲ ಬಿಡಬಾರದು, ಬಡಿಸುವವರೆಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಳಿದದ್ದನ್ನು ಅಗಲವಾದ ಪಾತ್ರೆಗಳಿಗೆ ಹಂಚಿ ಬೇಗ ಆರಿಸಿ, ಫ್ರಿಜ್ಜಿನಲ್ಲಿಟ್ಟು, ಮತ್ತೆ ತಿನ್ನುವಾಗ ಹಬೆಯಾಡುವಂತೆ ಪೂರ್ತಿ ಬಿಸಿ ಮಾಡಬೇಕು.

ಬಡಿಸುವಾಗ ಪರಿಚಿತ ಪದಾರ್ಥಗಳ ನಡುವೆ ಒಂದು ಚಮಚದಷ್ಟು ಬಡಿಸಿ, ಬೇಕೆಂದವರಿಗೆ ಮತ್ತೆ ಹಾಕುವುದು ಲೇಸು. ಅದರ ಹಿರಿಮೆಯ ಕುರಿತು ಊಟದ ನಡುವೆ ಭಾಷಣ ಬೇಡ, ಯಾರಾದರೂ ಕೇಳಿದರೆ ಹೇಳಿದರಾಯಿತು. ಎಳ್ಳು, ಕಡಲೆಕಾಯಿ, ಗೋಡಂಬಿಯಂಥವು ಅದರಲ್ಲಿದ್ದರೆ ಮಾತ್ರ, ಅವು ಮೈಗೆ ಒಗ್ಗದವರು ಪಂಕ್ತಿಯಲ್ಲಿರಬಹುದಾದ್ದರಿಂದ, ಬಡಿಸುವ ಮೊದಲೇ ಎಲ್ಲರಿಗೂ ಕೇಳುವಂತೆ ತಿಳಿಸಬೇಕು.