ಮರದಲ್ಲಿ ಮಂಜಿ ಕಟ್ಟುವುದು: ಪತ್ತೆಮಾರಿಯ ಮಾದರಿ

ಅಜ್ಜ ಹಂಚು ಹೊತ್ತು ಮುಂಬೈಗೆ ಹೋಗುತ್ತಿದ್ದ ಮಂಜಿಯಲ್ಲಿ, ಅಂದರೆ ನಮ್ಮ ಕರಾವಳಿಯ ಸರಕು ಹಾಯಿಹಡಗಿನಲ್ಲಿ, ಖಲಾಸಿಯಾಗಿದ್ದರು. ನಾನು ಕಟ್ಟಿದ ಮೊದಲ ಮಾದರಿಯಲ್ಲಿ ಕೂವೆಮರ (ಹಾಯಿ ಕಟ್ಟುವ ಕಂಬ) ನೆಟ್ಟಗೆ ನಿಂತಿತ್ತು. ಅಮ್ಮ ನೋಡಿ, "ಇದು ನಮ್ಮ ಮಂಜಿ ಅಲ್ಲ ಮಗಾ, ಯಾರದ್ದೋ ಹಡಗು" ಅಂದರು. ಅವರು ಹೇಳಿದ್ದು ಸರಿ. ಪತ್ತೆಮಾರಿ ಎಂಬ ಈ ಬಗೆಯ ಮಂಜಿಯ ಕೂವೆಮರ ಮುಂದಕ್ಕೆ ವಾಲಿರುತ್ತದೆ, ಮೂತಿ ನೀರಿನ ಮೇಲೆ ಉದ್ದಕ್ಕೆ ಚಾಚಿರುತ್ತದೆ. ಈ ಎರಡು ಓರೆ ತಪ್ಪಿದರೆ ಉಳಿದದ್ದೆಲ್ಲ ಎಷ್ಟೇ ನಾಜೂಕಾಗಿ ಬಂದರೂ ಮಂಜಿಯಂತೆ ಕಾಣುವುದಿಲ್ಲ.

ಅಳತೆಗೆ ನಾನು ಹಿಡಿದದ್ದು ಜಾನ್ ಎಡೈ ಎಂಬ ಬ್ರಿಟಿಷ್ ಹಡಗು ಮೇಸ್ತ್ರಿ 1834ರಲ್ಲಿ ಪ್ರಕಟಿಸಿದ ಲೆಕ್ಕ. ಅದರಲ್ಲಿ ಪತ್ತೆಮಾರಿ ಸುಮಾರು 76 ಅಡಿ ಉದ್ದ, ಇಪ್ಪತ್ತೊಂದೂವರೆ ಅಡಿ ಅಗಲ. ಒಂದು ಅಡಿಗೆ ಕಾಲು ಇಂಚು ಅಂತ ಇಳಿಸಿದರೆ 19 ಇಂಚು ಉದ್ದ, ಐದೂಕಾಲು ಇಂಚಿಗಿಂತ ತುಸು ಹೆಚ್ಚು ಅಗಲ. ಮೇಜಿನ ಮೇಲೆ ಕೂರುತ್ತದೆ, ಕೈಗೂ ಸಿಗುತ್ತದೆ.

ನಕ್ಷೆಗಾಗಿ ಹುಡುಕುತ್ತ ಕೂರಬೇಡಿ. ನಮ್ಮ ಕರಾವಳಿಯ ಮೇಸ್ತ್ರಿಗಳು ಕಣ್ಣಳತೆಯಲ್ಲೇ ಹಡಗು ಕಟ್ಟಿದವರು. ಮೆದು ಮರದ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಹಡಗಿನ ಒಂದು ಮಗ್ಗುಲನ್ನಷ್ಟೇ ಕೆತ್ತಿ. ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರ ಸಿಕ್ಕರೆ ಬಹಳ ಒಳ್ಳೆಯದು, ಉಳಿಗೆ ಬೆಣ್ಣೆಯಂತೆ ಬರುತ್ತದೆ. ಇಲ್ಲಿ ಅವಸರ ಬೇಡ. ನಾನು ಈ ಅರ್ಧ ಒಡಲಿಗೇ ಹದಿನೈದು ದಿನ ಕೊಟ್ಟಿದ್ದೇನೆ. ಸಂಜೆ ಕಿಟಕಿಯ ಓರೆ ಬೆಳಕಿಗೆ ಹಿಡಿದು ನೋಡಿ, ಕಣ್ಣು ಮುಚ್ಚಿ ಅಂಗೈಯಿಂದ ಸವರಿ. ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂಬುದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ಮನಸ್ಸಿಗೆ ಒಪ್ಪಿದ ಮೇಲೆ ಅದನ್ನು ಒಂದೂವರೆ ಇಂಚಿಗೊಂದರಂತೆ ಅಡ್ಡಕ್ಕೆ ಗರಗಸದಲ್ಲಿ ಕೊಯ್ಯಿರಿ. ಕೊಯ್ದ ಮುಖವನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ಮಗುಚಿ ಇನ್ನೊಂದು ಮಗ್ಗುಲಿಗೂ ಎಳೆದರೆ ಪಕ್ಕೆಲುಬಿನ ಆಕಾರ ಸಿಕ್ಕಿತು. ಹೊರಮೈಗೆ ಹೊದಿಸುವ ಮರದ ಪಟ್ಟಿಯ ದಪ್ಪ ಆಮೇಲೆ ಸೇರುವುದರಿಂದ ಗೆರೆಯಿಂದ 1 ಮಿ.ಮೀ. ಒಳಗೆ ಕತ್ತರಿಸಬೇಕು.

ಪಕ್ಕೆಲುಬಿಗೆ 4 ಮಿ.ಮೀ. ಪ್ಲೈವುಡ್ ಸಾಕು. ಪ್ರತಿಯೊಂದಕ್ಕೂ ಮೇಲ್ತುದಿಯಲ್ಲಿ ಎರಡು ಕಾಲು ಬಿಡಿ. ಆ ಕಾಲುಗಳನ್ನು ದಪ್ಪ ಹಲಗೆಗೆ ಅಂಟಿಸಿ ಹಡಗನ್ನು ತಲೆಕೆಳಗಾಗಿ ಕಟ್ಟಬೇಕು. ಆಗ ಯಾವುದೂ ಓರೆಯಾಗುವುದಿಲ್ಲ. ಪಟ್ಟಿ ಹೊಡೆದು ಮುಗಿದ ಮೇಲೆ ಕಾಲು ಕತ್ತರಿಸಿದರಾಯಿತು. ಅಡಿಮರ, ಮೂತಿಯ ಮರ ಕೂರಿಸಿದ ನಂತರ ತೆಳು ಪಟ್ಟಿಯೊಂದನ್ನು ಪಕ್ಕೆಲುಬುಗಳ ಮೇಲೆ ಅಡ್ಡ ಹಿಡಿದು ನೋಡಿ. ಪಟ್ಟಿ ಎಲ್ಲದಕ್ಕೂ ತಾಗುವವರೆಗೆ ಅಂಚುಗಳನ್ನು ಉಪ್ಪುಕಾಗದದಲ್ಲಿ ಓರೆಯಾಗಿ ಉಜ್ಜಬೇಕು.

ಪಟ್ಟಿಗೆ 1 ಮಿ.ಮೀ. ದಪ್ಪದ ಸಾಗುವಾನಿ. ನಡುವಿನ ಪಕ್ಕೆಲುಬಿನ ಸುತ್ತಳತೆಯನ್ನು ಕಾಗದದ ಚೂರಿನಲ್ಲಿ ಹಿಡಿಯಿರಿ. ನನ್ನದರಲ್ಲಿ ಒಂದು ಮಗ್ಗುಲಿಗೆ 120 ಮಿ.ಮೀ. ಬಂತು, 6 ಮಿ.ಮೀ. ಅಗಲದ 20 ಪಟ್ಟಿ. ಮೂತಿಯ ಹತ್ತಿರ ಅದೇ ಸುತ್ತಳತೆ 60 ಮಾತ್ರ. ಅಂದರೆ ಪ್ರತಿ ಪಟ್ಟಿಯೂ ಅಲ್ಲಿ 3 ಮಿ.ಮೀ.ಗೆ ಸಣ್ಣದಾಗಬೇಕು. ಸಣ್ಣದು ಮಾಡದೆ ಒತ್ತಿ ಕೂರಿಸಿದರೆ ಪಟ್ಟಿ ಒಂದರ ಮೇಲೊಂದು ಏರುತ್ತದೆ. ಅರ್ಧ ಗಂಟೆ ಬಿಸಿನೀರಲ್ಲಿ ನೆನೆಸಿ, ಇಸ್ತ್ರಿಪೆಟ್ಟಿಗೆಯ ಅಂಚಿಗೆ ಬಗ್ಗಿಸಿ, ಆರಿದ ಮೇಲೆ ಫೆವಿಕಾಲ್ ಹಚ್ಚಿ ಬಟ್ಟೆ ಕ್ಲಿಪ್ಪು ಹಾಕಿ. ಎಡಕ್ಕೊಂದು ಅಂಟಿಸಿದರೆ ಮುಂದಿನದು ಬಲಕ್ಕೆ. ಒಂದೇ ಕಡೆ ಹೊಡೆಯುತ್ತ ಹೋದರೆ ಒಡಲು ತಿರುಚಿಕೊಳ್ಳುತ್ತದೆ.

ಮೇಲೆ ಪೂರ್ತಿ ಅಟ್ಟ ಹಾಕುವ ಗೋಜಿಲ್ಲ. ಸರಕು ತುಂಬುವ ನಡುಭಾಗ ತೆರೆದಿರಲಿ, ಬಿದಿರು ಕಡ್ಡಿಯ ಮೇಲೆ ತೆಂಗಿನ ಗರಿಯ ಪುಟ್ಟ ತಟ್ಟಿ ಹೆಣೆದು ಮುಚ್ಚಿ.

ಎರಡು ಕೂವೆಮರ ಸಾಕು, ಮುಂದಿನದು ದೊಡ್ಡದು. ನಾನು 10 ಡಿಗ್ರಿ ಮುಂದಕ್ಕೆ ವಾಲಿಸುತ್ತೇನೆ. ರಟ್ಟಿನಲ್ಲಿ ಆ ಕೋನ ಕತ್ತರಿಸಿ ಹಿಂದೆ ಆನಿಸಿಟ್ಟು ಅಂಟು ಒಣಗಲು ಬಿಡಿ. ವಾಲಿಸುವುದು ಚಂದಕ್ಕಲ್ಲ, ಹಾಯಿ ಕಟ್ಟಿದ ಉದ್ದ ಗಳೆ ಕೂವೆಗೆ ತಗಲದೆ ಮುಂದೆ ತೂಗಾಡಬೇಕು. ಗಳೆಗೆ ಬಿದಿರನ್ನು ಸೀಳಿ, ಎರಡು ತುಂಡು ಜೋಡಿಸಿ ನೂಲು ಸುತ್ತಿ. ಹಾಯಿಯನ್ನು ತ್ರಿಕೋನ ಎಂದು ಹೇಳುತ್ತಾರಾದರೂ ಅದಕ್ಕೆ ನಾಲ್ಕು ಅಂಚುಂಟು, ಮುಂದಿನ ಮೂಲೆಯನ್ನು ತುಸು ಕತ್ತರಿಸಿದಂತೆ. ಹಳೆಯ ಮುಂಡಿನ ಬಟ್ಟೆಯನ್ನು ಹಾಲು ಹಾಕದ ಚಹಾದಲ್ಲಿ ಅದ್ದಿದರೆ ಬಣ್ಣ ಸರಿಹೊಂದುತ್ತದೆ.

ಹಗ್ಗಕ್ಕೆ ಜೇನುಮೇಣ ಉಜ್ಜಿದ ಹತ್ತಿ ನೂಲು. ಇದನ್ನು ಮಳೆಗಾಲದಲ್ಲಿ ಕಟ್ಟಬೇಡಿ. ತೇವಕ್ಕೆ ಬಿಗಿದ ನೂಲು ಬಿಸಿಲು ಬಂದ ಮೇಲೆ ಜೋತುಬೀಳುತ್ತದೆ. ಮಂಜಿಗಳೂ ಆ ತಿಂಗಳುಗಳಲ್ಲಿ ದಡ ಹತ್ತಿ ಕೂರುತ್ತಿದ್ದವು, ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೇ ಹೊಸ ಋತುವಿನ ತಯಾರಿ.