60 ಲೀಟರ್ ಉಪ್ಪುನೀರಿನಲ್ಲಿ ಹವಳ ಸಾಕಿದ ನನ್ನ ಅನುಭವ

ನನ್ನ ಟ್ಯಾಂಕ್ 60 ಲೀಟರಿನದು. ಕಲ್ಲು, ಮರಳು ಹಿಡಿದ ಜಾಗ ಬಿಟ್ಟರೆ ಒಳಗಿರುವ ನೀರು 50 ಲೀಟರ್ ಅಷ್ಟೇ. ಹವಳ ಸಾಕುವ ಆಸೆ ಇರುವವರು ಮೊದಲು ಕೇಳುವುದು ಯಾವ ಲೈಟ್ ಹಾಕಿದ್ದೀರಿ, ಯಾವ ಪಂಪ್ ಅಂತ. ನಾನು ಮಾತ್ರ ಈ 50 ಲೀಟರ್ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಇಷ್ಟು ಕಡಿಮೆ ನೀರಿನಲ್ಲಿ ಒಂದು ಚಮಚ ಪುಡಿ ಬಿದ್ದರೂ ಹವಳಕ್ಕೆ ಅದು ದೊಡ್ಡ ಪೆಟ್ಟು. ಹ್ಯಾಮರ್ ಎಂಬ ನನ್ನ ಗಟ್ಟಿ ಹವಳಕ್ಕೆ ಆ ಪೆಟ್ಟು ಬಿದ್ದದ್ದು ನನ್ನ ಕೈಯಿಂದಲೇ.

ಮೊದಲು ನೀರಿನ ವಿಷಯ. ನಲ್ಲಿ ನೀರನ್ನು ನಾನು ಒಂದು ದಿನವೂ ಬಳಸಿಲ್ಲ. ಅದರಲ್ಲಿ ಕ್ಲೋರಿನ್ ಇರುತ್ತದೆ, ಫಾಸ್ಫೇಟ್ ಇರಬಹುದು, ಹಳೆಯ ಪೈಪಿನಿಂದ ತಾಮ್ರವೂ ಬರಬಹುದು. ಸಿಗಡಿ, ಬಸವನಹುಳು, ಹವಳಗಳಿಗೆ ತಾಮ್ರ ವಿಷ. ಆರ್‌ಒ ಫಿಲ್ಟರ್ ಆದ ಮೇಲೆ ಉಳಿದ ಲವಣಗಳನ್ನೂ ಹಿಡಿದುಕೊಳ್ಳುವ ಡಿಐ ರೆಸಿನ್ ದಾಟಿಸಿ, ನೀರಿನಲ್ಲಿ ಕರಗಿರುವುದನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ನೀರಿಗೆ ಮಾತ್ರ ಉಪ್ಪು ಬೆರೆಸುತ್ತೇನೆ. ಈ ಉಪ್ಪು ಅಡುಗೆ ಉಪ್ಪಲ್ಲ, ಹವಳದ (ರೀಫ್) ಟ್ಯಾಂಕಿಗೆಂದೇ ಮಾಡಿದ್ದು. ಲೀಟರಿಗೆ ಸುಮಾರು 36ರಿಂದ 39 ಗ್ರಾಂ ಬೇಕಾಗುತ್ತದೆ. ಗ್ರಾಂ ಲೆಕ್ಕ ನಂಬಿ ಸುಮ್ನೆ ಸುರಿಯುವುದಿಲ್ಲ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 35 ಪಿಪಿಟಿ, ಅಂದರೆ ಸಾವಿರಕ್ಕೆ 35 ಪಾಲು ಉಪ್ಪು, ಬಂದ ಮೇಲೆಯೇ ಒಳಗೆ ಹೋಗುವುದು. ಆ ಮೀಟರನ್ನೂ ತಿಂಗಳಿಗೊಮ್ಮೆ 35 ಪಿಪಿಟಿ ಕ್ಯಾಲಿಬ್ರೇಶನ್ ದ್ರಾವಣ ಹಾಕಿ ಸರಿಮಾಡಿಕೊಳ್ಳುತ್ತೇನೆ.

ಶುರುವಿನ ಐದು ವಾರ ಟ್ಯಾಂಕಿನಲ್ಲಿ ಮೀನೇ ಇರಲಿಲ್ಲ. ಮೀನಿನ ಕೊಳೆಯಿಂದ ಬರುವ ಅಮೋನಿಯಾವನ್ನು ಮುಂದೆ ಕಳೆಯಲಿ ಅಂತ, ಬಾಟಲಿ ಅಮೋನಿಯಾ ಸ್ವಲ್ಪ ಸ್ವಲ್ಪ ಹಾಕಿ ಬ್ಯಾಕ್ಟೀರಿಯಾ ಬೆಳೆಯಲು ಬಿಟ್ಟೆ. ಕೆಲವು ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನು ಕೆಲವು ಅದನ್ನು ನೈಟ್ರೇಟ್ ಮಾಡುತ್ತವೆ. ಹಾಕಿದ ಅಮೋನಿಯಾ ಒಂದೇ ದಿನದಲ್ಲಿ ಇಲ್ಲವಾಗಿ, ನೈಟ್ರೈಟ್ ಕೂಡ ಸೊನ್ನೆ ಆದಾಗ ಮುಂದಿನ ಹೆಜ್ಜೆ ಇಟ್ಟೆ. ಆಮೇಲೆ ಮರಳಿನ ಮೇಲೆ ಕಂದು ಪುಡಿಯಂಥ ಡಯಾಟಂ ಪಾಚಿ ಬಂತು. ಹೊಸ ಟ್ಯಾಂಕಿನಲ್ಲಿ ಇದು ಬಂದೇ ಬರುತ್ತದೆ. ಔಷಧಿ ಹಾಕಬೇಡಿ. ಬಸವನಹುಳುಗಳನ್ನು ಬಿಟ್ಟೆ, ಕೆಲವು ವಾರದಲ್ಲಿ ತಾನಾಗಿಯೇ ಹೋಯಿತು.

ಮೀನು ಮೂರೇ. ಒಂದು ಜೋಡಿ ಆಸೆಲ್ಲಾರಿಸ್ ಕ್ಲೌನ್, ಒಂದು ಪುಟ್ಟ ಗೋಬಿ. ಗೋಬಿ ನೀರಿನಿಂದ ಹೊರಗೆ ಜಿಗಿಯುವ ಮೀನು, ಆದ್ದರಿಂದ ಮೇಲೆ ಬಲೆಯ ಮುಚ್ಚಳ ಇದೆ. ಕ್ಲೌನ್ ಮೀನುಗಳೆಲ್ಲ ಮೊದಲು ಗಂಡೇ, ಜೋಡಿಯಲ್ಲಿ ಜೋರಾಗಿರುವುದು ಹೆಣ್ಣಾಗಿ ಬದಲಾಗುತ್ತದೆ. ಒಂದು ದೊಡ್ಡದು, ಒಂದು ಚಿಕ್ಕದು ತಂದರೆ ಜಗಳ ಕಡಿಮೆ. ಟ್ಯಾಂಗ್ ಮೀನು ಈ ಅಳತೆಯ ಟ್ಯಾಂಕಿಗೆ ಬೇಡವೇ ಬೇಡ. ಅದಕ್ಕೆ ಈಜಲು ಜಾಗ ಬೇಕು, ಇಲ್ಲಿ ಇಟ್ಟರೆ ಅದು ಹಿಂಸೆ. ಹೊಸ ಮೀನನ್ನು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡಿದ ಮೇಲೆ ಒಳಗೆ ಬಿಟ್ಟೆ. ಬಿಳಿ ಚುಕ್ಕೆ ರೋಗಕ್ಕೆ ತಾಮ್ರದ ಔಷಧಿ ಇದೆ, ಆದರೆ ಹವಳದ ಟ್ಯಾಂಕಿಗೆ ಅದನ್ನು ಹಾಕುವ ಹಾಗೇ ಇಲ್ಲ.

ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಕೇಳಲು ಸುಲಭ, ಅಲ್ವಾ? ನನ್ನ ಟ್ಯಾಂಕಿನಿಂದ ದಿನಕ್ಕೆ ಸುಮಾರು ಒಂದು ಲೀಟರ್ ಹೋಗುತ್ತದೆ. ಮೂರು ದಿನ ಬಿಟ್ಟರೆ 35 ಇದ್ದ ಉಪ್ಪಿನಂಶ 37 ದಾಟುತ್ತದೆ. ಹಾಗಾಗಿ ಕಡಿಮೆಯಾದ ಜಾಗಕ್ಕೆ ಉಪ್ಪಿಲ್ಲದ ಆರ್‌ಒ ನೀರನ್ನೇ ತುಂಬಬೇಕು. ಮೊದಲು ಇದನ್ನು ಕೈಯಲ್ಲೇ ಮಾಡುತ್ತಿದ್ದೆ. ಈಗ ಸೆನ್ಸರ್ ಇರುವ ಆಟೋ ಟಾಪ್‌ಅಪ್ ಇದೆ. ಚಿಕ್ಕ ಟ್ಯಾಂಕಿಗೆ ಒಂದೇ ಒಂದು ಸಲಕರಣೆ ಆರಿಸು ಅಂದರೆ ಲೈಟಿಗಿಂತ ಮೊದಲು ಇದನ್ನೇ ಹೇಳುತ್ತೇನೆ.

ಇನ್ನು ಹವಳ. ಎಲ್ಲವೂ ಟ್ಯಾಂಕಿನಲ್ಲೇ ಬೆಳೆಸಿದ ಹವಳದಿಂದ ಕತ್ತರಿಸಿದ ತುಂಡುಗಳು (ಫ್ರ್ಯಾಗ್), ಸಮುದ್ರದಿಂದ ಕಿತ್ತದ್ದು ಒಂದೂ ಇಲ್ಲ. ಮೊದಲು ಮಶ್ರೂಮ್ ಮತ್ತು ಝೋಯಾ ಎಂಬ ಮೆತ್ತನೆಯ ಹವಳಗಳನ್ನು ತಂದೆ, ಎರಡು ತಿಂಗಳ ನಂತರ ಮೂರು ಕೊಂಬೆಗೆ ಮೂರು ತಲೆ ಇದ್ದ ಹ್ಯಾಮರ್. ಝೋಯಾ ಮುಟ್ಟುವಾಗ ಗ್ಲೌಸ್, ಕತ್ತರಿಸುವಾಗ ಕನ್ನಡಕವೂ ಬೇಕು. ಅವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಕಡು ವಿಷ ಇರಬಹುದು. ಅವು ಅಂಟಿಕೊಂಡ ಕಲ್ಲನ್ನು ಎಂದೂ ಕುದಿಸಬೇಡಿ, ಬಿಸಿನೀರು ಸುರಿಯಬೇಡಿ. ಆ ಹಬೆ ಉಸಿರಿನೊಂದಿಗೆ ಒಳಹೋಗಿ ಜನ ಆಸ್ಪತ್ರೆ ಸೇರಿದ್ದಾರೆ.

ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಅದು ಬೆಳಕಿನಿಂದ ಆಹಾರ ಮಾಡಿ ಹವಳಕ್ಕೆ ಕೊಡುತ್ತದೆ. ನೀಲಿ ಬೆಳಕು ಮುಖ್ಯ, ಆದರೆ ಏಕಾಏಕಿ ಜಾಸ್ತಿ ಕೊಟ್ಟರೆ ಹವಳ ಆ ಪಾಚಿಯನ್ನೇ ಹೊರಹಾಕಿ ಬೆಳ್ಳಗಾಗುತ್ತದೆ. ಲೈಟನ್ನು 30 ಶೇಕಡದಿಂದ ಶುರು ಮಾಡಿ ಒಂದು ತಿಂಗಳಲ್ಲಿ ಮೇಲೇರಿಸಿದೆ.

ಹ್ಯಾಮರ್ ಚೆನ್ನಾಗಿ ಅರಳಿತು. ಅದೇ ಧೈರ್ಯದಲ್ಲಿ ಮೂರು ವಾರ ಆಲ್ಕಲಿನಿಟಿ, ಅಂದರೆ ನೀರಿನಲ್ಲಿರುವ ಕಾರ್ಬೊನೇಟಿನ ಪ್ರಮಾಣ, ನೋಡಲಿಲ್ಲ. ಗಟ್ಟಿ ಹವಳ ತನ್ನ ಅಸ್ಥಿಪಂಜರ ಕಟ್ಟಲು ನೀರಿನಿಂದ ಕ್ಯಾಲ್ಸಿಯಂ, ಕಾರ್ಬೊನೇಟ್ ತೆಗೆದುಕೊಳ್ಳುತ್ತಲೇ ಇರುತ್ತದೆ. ಕಲ್ಲಿನ ಮೇಲೆ ಬೆಳೆಯುವ ನೇರಳೆ ಬಣ್ಣದ ಕೋರಲೈನ್ ಪಾಚಿಯೂ ಅಷ್ಟೇ. 8.5 ಡಿಕೆಎಚ್ (ಆಲ್ಕಲಿನಿಟಿಯ ಅಳತೆ) ಇದ್ದದ್ದು 6.2ಕ್ಕೆ ಇಳಿದಿತ್ತು. ಸಂಖ್ಯೆ ನೋಡಿ ಗಾಬರಿಯಾಯಿತು. ಒಂದು ಚಮಚ, ಅಂದರೆ ಸುಮಾರು 5 ಗ್ರಾಂ ಅಡುಗೆ ಸೋಡಾ ಕರಗಿಸಿ ಒಂದೇ ಮಧ್ಯಾಹ್ನ ಹಾಕಿಬಿಟ್ಟೆ. ಸಂಜೆ ನೋಡಿದರೆ 9.5.

6.2ರಲ್ಲಿ ಅರಳಿಯೇ ಇದ್ದ ಹವಳ ಮರುದಿನ ಬೆಳಿಗ್ಗೆ ಮುದುಡಿತ್ತು. ನಾಲ್ಕನೇ ದಿನ ಎರಡು ತಲೆಗಳ ಅಂಚಿನಲ್ಲಿ ಬಿಳಿ ಎಲುಬು ಕಂಡಿತು, ಮಾಂಸ ಕಳಚಿ ನೀರಿನಲ್ಲಿ ತೇಲಾಡುತ್ತಿತ್ತು. ಆ ಎರಡು ಕೊಂಬೆಗಳನ್ನು ಕತ್ತರಿಸಿ ತೆಗೆದೆ. ಉಳಿದ ಒಂದು ತಲೆಯನ್ನು ಕಡಿಮೆ ಬೆಳಕು, ಮೆಲ್ಲನೆ ನೀರಾಡುವ ಮೂಲೆಗೆ ಇಟ್ಟೆ. ಅದು ಮತ್ತೆ ಪೂರ್ತಿ ಅರಳಲು ಏಳೆಂಟು ವಾರ ಬೇಕಾಯಿತು. ಅಷ್ಟೂ ದಿನ ಬೆಳಿಗ್ಗೆ ಎದ್ದ ಕೂಡಲೇ ಆ ಮೂಲೆಯನ್ನೇ ನೋಡುತ್ತಿದ್ದೆ.

ಈಗ ವಾರಕ್ಕೆ ಎರಡು ಸಲ ಅಳೆಯುತ್ತೇನೆ. ಇಳಿದಿದ್ದರೆ ದಿನಕ್ಕೆ ಅರ್ಧ ಡಿಕೆಎಚ್‌ಗಿಂತ ಜಾಸ್ತಿ ಏರಿಸುವುದಿಲ್ಲ. ನನ್ನ 50 ಲೀಟರಿಗೆ 1 ಡಿಕೆಎಚ್ ಏರಿಸಲು ಒಂದೂವರೆ ಗ್ರಾಂ ಸೋಡಾ ಸಾಕು. ಇದನ್ನು ಟ್ಯಾಂಕಿನ ಪಕ್ಕದ ಗೋಡೆಗೆ ಬರೆದು ಅಂಟಿಸಿದ್ದೇನೆ. ವಾರಕ್ಕೆ 6 ಲೀಟರ್ ನೀರು ಬದಲಿಸುವುದರಿಂದ ಕ್ಯಾಲ್ಸಿಯಂ 420 ಪಿಪಿಎಂ, ಮೆಗ್ನೀಸಿಯಂ 1300 ಪಿಪಿಎಂ ಹತ್ತಿರವೇ ಇರುತ್ತವೆ. ನೈಟ್ರೇಟ್ 5ರಿಂದ 10 ಪಿಪಿಎಂ ನಡುವೆ ಇದ್ದರೆ ನನಗೆ ಸಮಾಧಾನ. ಸೊನ್ನೆಗೆ ಇಳಿಸಲು ಹೋಗಬೇಡಿ, ಹವಳಕ್ಕೂ ಅದು ಸ್ವಲ್ಪ ಬೇಕು.

ಕಳೆದ ವಾರ ಟಾರ್ಚ್ ಹಿಡಿದು ನೋಡುವಾಗ ಉಳಿದ ಆ ತಲೆಯ ನಡುವೆ ಎರಡು ಬಾಯಿ ಕಂಡವು. ತಲೆ ಬೆಳೆದು ಎರಡಾಗುತ್ತಿದೆ. ಆಲ್ಕಲಿನಿಟಿಯೂ ಮೊದಲಿಗಿಂತ ಬೇಗ ಇಳಿಯುತ್ತಿದೆ. ದಿನಕ್ಕೆ 0.3 ಗ್ರಾಂ ಹಾಕುತ್ತಿದ್ದ ಸೋಡಾವನ್ನು ನಿನ್ನೆಯಿಂದ 0.4 ಮಾಡಿದ್ದೇನೆ.